ಅವ್ವನ ಪರೀಕ್ಷೆ

“ಏ ಬಾಯಿ, ಸೋಫಾದ ಮ್ಯಾಲಲ್ಲ. ಕೆಳಗ ಕೂಡು. ಅಲ್ಲೇ, ಚಪ್ಪಲ್ ಸ್ಟ್ಯಾಂಡಿನ ಬಾಜೂಕ.”

ಪ್ರೊಫೆಸರರ ಹೆಂಡತಿ ಹೀಗೆ ಹೇಳಿದ್ದು ನನ್ನವ್ವ ಕೌಸಲ್ಯಾಬಾಯಿಗೆ. ಅವ್ವ ತಲೆಸ್ನಾನ ಮಾಡಿ, ಮದುವೆಗೆ ಉಡುವ ಸೀರೆ ಉಟ್ಟು, ಮೆಹಕರದಿಂದ ಮೊದಲ ಬಸ್ಸಿಗೆ ಭಾಲ್ಕಿ, ಅಲ್ಲಿಂದ ಬೀದರಿಗೆ ಬಂದಿದ್ದಳು. ಹೇಳಿದ ಕಡೆ ಕೂತಳು. ಪಿಎಚ್.ಡಿ. ಪ್ರವೇಶ ಪರೀಕ್ಷೆಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಆದರೂ ನಾನೂ ಅವ್ವನ ಪಕ್ಕ ನೆಲಕ್ಕೆ ಕೂತೆ, ಥೂ ನನ್ನ ಜನ್ಮಕ್ಕೆ. ಗೈಡ್ ಆಗಲು ಒಪ್ಪಿ ಪ್ರೊಫೆಸರ್ ಒಂದು ಸಹಿ ಹಾಕಬೇಕಿತ್ತು. ಅವರಲ್ಲಿ ಉಳಿದಿದ್ದದ್ದು ಒಂದೇ ಸೀಟು.

ನನ್ನ ವಿಷಯ, ನಮ್ಮ ಕೇರಿ ಹೆಂಗಸರ ಬೀಸುವ ಹಾಡು. “ಮೊದಲ ನಿಮ್ಮವ್ವನ್ನ ಕರ್ಕೊಂಡ್ ಬಾ, ಸ್ಯಾಂಪಲ್ ಕೇಳೋಣು. ಸಹಿ ಇಂಟರ್‌ವ್ಯೂ ಆದ ಮ್ಯಾಲ” ಎಂದಿದ್ದರು.

ಪ್ರೊಫೆಸರ್ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದರು. ಅವ್ವ ಎರಡು ತಾಸು ಹಾಡಿದಳು. ನಡುವೆ ಚಹಾ ಬಂತು. ಅವರಿಗೆ ಪಿಂಗಾಣಿ, ನಮಗೆ ಕಾಗದದ ಕಪ್ಪು. ಒಂದು ಹಾಡಿನಲ್ಲಿ ಅವ್ವ ತಡವರಿಸಿದಳು. “ಮಾಫ್ ಮಾಡ್ರಿ ಸಾಹೇಬ್ರ. ಕೈಯಾಗ ಬೀಸೂ ಕಲ್ಲಿನ ಗೂಟ ಇಲ್ದ ನೆನಪಾಗವಲ್ದು.”

ಹದಿನೈದು ದಿನಕ್ಕೆ ಇಂಟರ್‌ವ್ಯೂ. “ಬೀಸೂ ಹಾಡ್ ಹಾಡಿದ್ರ ಡಾಕ್ಟರ್ ಆಗ್ತಾರೇನವಾ? ನಾಳಿ ನಿಮ್ಮೋಣಿ ಎಮ್ಮಿನೂ ಅರ್ಜಿ ಹಾಕ್ತದ” ಎಂದರು ಕಮಿಟಿಯ ಒಬ್ಬರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಪ್ರೊಫೆಸರ್. ಮೂವತ್ತಕ್ಕೆ ಎರಡು ಅಂಕ. ಹೆಸರಿನ ಮುಂದೆ ‘ಸೂಕ್ತರಲ್ಲ’. ಸೀಟು ಅವರ ಹೆಂಡತಿಯ ತಂಗಿಯ ಮಗಳು ಸರಿತಾಳಿಗೆ. ಅವಳ ವಿಷಯ, ಗಡಿಭಾಗದ ಬೀಸುವ ಹಾಡು.

ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಜನರೆದುರೇ ಅತ್ತುಬಿಟ್ಟೆ. ಮನೆಗೆ ಬಂದು ಸೀಟು ಸಿಗಲಿಲ್ಲ ಎಂದಾಗ ಅವ್ವ ಹಣೆ ಹಣೆ ಬಡಿದುಕೊಂಡಳು.

“ನನ್ನ ನಾಲಿಗಿ ಸುಡ್ಲಿ. ನಾ ಮರ್ತೆ, ನನ್ನ ಮಗಳು ಫೇಲಾದ್ಳು.”

“ನಿಂದೇನೂ ತಪ್ಪಿಲ್ಲವ್ವಾ. ಆ ಹಲ್ಕಟ್ ಭಾಡ್ಯಾ ಕದ್ದಾನ.”

“ಹಾಡು ಯಾರರ ಕದೀತಾರೇನ, ಹುಚ್ಚಿ? ಅಷ್ಟ್ ಸಾಲಿ ಕಲ್ತವ್ರು!”

ಏನು ಹೇಳಿದರೂ ನಂಬಲಿಲ್ಲ. ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಬೀಸುವ ಕಲ್ಲನ್ನು ಎಳೆದು ತಂದಳು. ಕೂಲಿಯಿಂದ ಬಂದವಳೇ ಕೈಕಾಲು ತೊಳೆದು, ಕಾಳಿಲ್ಲದ ಕಲ್ಲು ತಿರುಗಿಸುತ್ತ ಹಾಡತೊಡಗಿದಳು. ಹೀಗೆ ಒಂದು ತಿಂಗಳು. ಕೇಳಲಾಗದೆ ನಾನು ಹೊರಗೆ ಹೋಗಿ ಕೂಡುತ್ತಿದ್ದೆ.

ನಿನ್ನೆ ಸರಿತಾ ಕಾರಿನಲ್ಲಿ ಬಂದಳು. “ಆಂಟಿ, ಸರ್ ಕಳಿಸ್ಯಾರ್ರಿ. ಇನ್ನಷ್ಟ್ ಹಾಡು ಬೇಕಾಗ್ಯಾವಂತ.”

ಅವ್ವನ ಮುಖ ಅರಳಿತು. “ಮನಿಷಾ, ನೋಡ! ಮತ್ತ ಪರೀಕ್ಷಾ ಇಟ್ಟಾರ!”

ನಾನೇ ಎದುರಿಗೆ ನಿಂತು ಬೇಡವೆಂದರೂ ಕೇಳದೆ ಕಲ್ಲಿಗೆ ಕೂತಳು. ಕಣ್ಣು ಮುಚ್ಚಿ ಒಂದರ ಹಿಂದೆ ಒಂದು ಹನ್ನೊಂದು ಹಾಡು ಹಾಡಿದಳು. ಎಲ್ಲಿಯೂ ತಡವರಿಸಲಿಲ್ಲ. ಸರಿತಾಳ ಮೊಬೈಲು ಕಲ್ಲಿನ ಪಕ್ಕ ಇತ್ತು. ನಾನು ಎತ್ತಿಕೊಂಡೆ. ಅವಳು ಚೀರುತ್ತ ಕೈ ಜಗ್ಗಿದರೂ ಬಿಡದೆ, ಒಂದೊಂದಾಗಿ ಹನ್ನೊಂದೂ ಡಿಲೀಟ್ ಮಾಡಿದೆ.

ಅವ್ವ ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆದಳು. ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಎತ್ತಿದವಳಲ್ಲ.

“ಯಾಕವಾ?” ಎಂದು ಅಳತೊಡಗಿದಳು. “ಯಾಕ? ಈ ಸಲ ನಾ ಎಲ್ಲಾ ಬರೋಬರಿ ಹಾಡಿದ್ನಲ್ಲಾ!”