ಲಿಫ್ಟು ನಿಲ್ಲುವ ಅಧ್ಯಾಯ

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಲಿಫ್ಟಪ್ಪನಿಗೆ ಹೆಂಡತಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಶುರುವಾಯಿತು. ಅವಳು ಯಾರ ಜೊತೆಗೋ ಮಾತಾಡಿದಳೆಂದಲ್ಲ, ಎಲ್ಲಿಗೋ ಹೋದಳೆಂದಲ್ಲ. ಪುಸ್ತಕ ಓದಿಕೊಂಡು ಒಬ್ಬಳೇ ನಗುತ್ತಾಳೆ ಎಂದು.

ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಲಿಫ್ಟುಗಳು ಅವನ ಕೈಯಲ್ಲೇ ಪಳಗಿದವು. ಹಾಗಾಗಿ ಕಾವಲುಗಾರರಿಂದ ಹಿಡಿದು ಸ್ವಂತ ಅತ್ತೆಯವರೆಗೆ ಎಲ್ಲರ ಬಾಯಲ್ಲೂ ಅವನು ಲಿಫ್ಟಪ್ಪನೇ. ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಬಂದವಳು ಕೈಕಾಲು ತೊಳೆದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲು ನೀಡಿದಳೆಂದರೆ ಮುಗಿಯಿತು, ಮನೆಗೆ ಮಂತ್ರಿ ಬಂದರೂ ಏಳುವವಳಲ್ಲ. ಓದುತ್ತಿದ್ದದ್ದೆಲ್ಲ ಒಂದೇ ಜಾತಿಯ ಕಾದಂಬರಿ. ರಟ್ಟಿನ ಮೇಲೆ ಗುಲಾಬಿಯೋ ಹಳದಿಯೋ ಬಣ್ಣ, ಅದರಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ, ಕೈಕಟ್ಟಿ, ಮುಖ ಊದಿಸಿಕೊಂಡು ನಿಂತ ಗಂಡು ಹೆಣ್ಣು. ಒಳಗೆ ಜಗಳ, ತಮಾಷೆ, ಪ್ರೇಮ. ಕೊನೆಗೆ ಅದೇ ಗಂಡು ಹೆಣ್ಣು ಮುಖಾಮುಖಿ.

ಅವಳ ನಗುವಿಗೂ ಒಂದು ಕ್ರಮವಿತ್ತು. ಮೊದಲು ಮೂಗಿನಲ್ಲೇ ಒಂದು ಪುಸಕ್. ಆಮೇಲೆ ತುಟಿ ಕಚ್ಚಿ ಹಿಡಿದು ಕಿಸಕ್. ಕೊನೆಗೆ ಕಟ್ಟೆ ಒಡೆದು, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಪಕ್ಕದ ಕೋಣೆಯಲ್ಲಿ ಟಿವಿ ಮುಂದೆ ಕೂತ ಲಿಫ್ಟಪ್ಪ ಮೊದಮೊದಲು ಸದ್ದು ಜಾಸ್ತಿ ಮಾಡಿಕೊಂಡು ಸುಮ್ಮನಾಗುತ್ತಿದ್ದ. ಆದರೆ ಒಂದು ಸಂಜೆ, ನನ್ನ ಮಾತಿಗೆ ಇವಳು ಹೀಗೆ ನಕ್ಕದ್ದು ಯಾವಾಗ ಎಂಬ ಯೋಚನೆ ಬಂತು. ತಲೆ ಕೆರೆದುಕೊಂಡ. ನೆನಪಾಗಲಿಲ್ಲ. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಗ್ಯಾಸು ಖಾಲಿ, ನಲ್ಲಿ ಸೋರುತ್ತಿದೆ, ಹಾಸ್ಟೆಲಿನಿಂದ ಮಗಳು ಫೋನ್ ಮಾಡಿದ್ದಳು, ಎಲ್ಲ ಮಾತೂ ಇತ್ತು. ನಗು ಮಾತ್ರ ಇರಲಿಲ್ಲ. ಟಿವಿಯಲ್ಲಿ ಯಾರೋ ಗೆದ್ದರು, ಯಾರು ಎಂದು ಅವನು ನೋಡಲಿಲ್ಲ.

ಆ ನಗು ತನಗೂ ಬೇಕು ಎಂದು ಲಿಫ್ಟಪ್ಪ ತೀರ್ಮಾನಿಸಿದ. ಬೇಕೆಂದರೆ ಮೊದಲು ಆ ಪುಸ್ತಕಗಳಲ್ಲಿ ಅಂಥದ್ದೇನಿದೆ ಎಂದು ನೋಡಬೇಕು. ಅವಳು ಓದಿ ಮುಗಿಸಿದ ಒಂದನ್ನು ಕಪಾಟಿನಿಂದ ಎಳೆದು, ಸ್ಪ್ಯಾನರುಗಳ ಕೆಳಗೆ ಹುದುಗಿಸಿಕೊಂಡು ಕೆಲಸಕ್ಕೆ ಹೋದ.

ಲಿಫ್ಟಿನ ಮೋಟಾರು ಇರುವುದು ಕಟ್ಟಡದ ನೆತ್ತಿಯ ಮೇಲೆ, ಒಂದು ಪುಟ್ಟ ಕೋಣೆಯಲ್ಲಿ. ಅಲ್ಲಿಗೆ ನರಪಿಳ್ಳೆಯೂ ಬರುವುದಿಲ್ಲ. ಊಟದ ಹೊತ್ತಿನಲ್ಲಿ ಬಕೆಟ್ ಬೋರಲು ಹಾಕಿ ಕೂತು ಓದಲು ಶುರು ಮಾಡಿದ. ನಾಯಕಿ ಗಿಡ ಮಾರುವವಳು, ನಾಯಕ ತೆರಿಗೆ ಅಧಿಕಾರಿ, ಅವನಿಗೆ ಹೂವಿನ ಗಾಳಿ ತಾಗಿದರೆ ಸೀನು. ಮೊದಲ ಅಧ್ಯಾಯದಲ್ಲೇ ಅವನು ಅವಳ ಅಪರೂಪದ ಗಿಡದ ಮೇಲೆ ಸೀನಿ, ಕುಂಡ ಬೀಳಿಸಿ, ಬೈಸಿಕೊಂಡ. ಎಂಥ ಪೆದ್ದ ಎಂದುಕೊಂಡ ಲಿಫ್ಟಪ್ಪ. ಪುಟ ತಿರುಗಿಸಿದ. ತಿರುಗಿಸುತ್ತಲೇ ಹೋದ. ಊಟದ ಡಬ್ಬಿ ತೆರೆದಂತೆಯೇ ಉಳಿಯಿತು.

ಅವನಿಗೆ ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ. ಈ ಇಬ್ಬರೂ ಕೊನೆಗೆ ಒಂದಾಗುತ್ತಾರೆ ಎಂದು ರಟ್ಟು ನೋಡಿದ ಮಗುವಿಗೂ ಗೊತ್ತು. ಹಾಗಿದ್ದೂ ಯಾಕೆ ಬಿಡಲಾಗುತ್ತಿಲ್ಲ? ಯೋಚಿಸಿದಾಗ ಅವನಿಗೇ ಉತ್ತರ ಹೊಳೆಯಿತು. ಲಿಫ್ಟು ನಮ್ಮ ಅಂತಸ್ತಿಗೆ ಬಂದೇ ಬರುತ್ತದೆ, ಆದರೂ ಎಲ್ಲರೂ ಬಾಗಿಲ ಮೇಲಿನ ಅಂಕಿ ನೋಡುತ್ತಲೇ ನಿಂತಿರುತ್ತಾರಲ್ಲ, ಹಾಗೆ. ಸಿಟ್ಟು ಬರುತ್ತಿದ್ದದ್ದು ನಡುವಿನ ಅಧ್ಯಾಯಗಳಿಗೆ. ಅವಳು ತನ್ನ ಅಣ್ಣನನ್ನು ತಬ್ಬಿಕೊಂಡದ್ದನ್ನು ಇವನು ದೂರದಿಂದ ನೋಡಿ, ಯಾರೋ ಏನೋ ಎಂದು ಬೇಯುತ್ತ ಪುಟಗಟ್ಟಲೆ ತಿರುಗುತ್ತಾನೆ. "ಅಯ್ಯೋ ಮುಠ್ಠಾಳ, ಒಂದು ಮಾತು ಕೇಳಿಬಿಡೋ!" ಎಂದು ಲಿಫ್ಟಪ್ಪ ಮೋಟಾರಿನ ಮುಂದೆ ಕೂಗಿಯೇಬಿಟ್ಟ. ಕಾದಂಬರಿ ಮುಗಿದಾಗ, ಅವರ ಮದುವೆಗೆ ತಾನೂ ಓಡಾಡಿದವನಂತೆ ಹಿಗ್ಗಿ ಹೋದ. ಮರುದಿನ ಇನ್ನೊಂದು ಪುಸ್ತಕ ತಂದ. ಆಮೇಲೆ ಮತ್ತೊಂದು. ಪತ್ತೇದಾರಿಕೆಗೆಂದು ಹೊರಟವನು ಗಿರಾಕಿಯೇ ಆಗಿಬಿಟ್ಟ.

ಅಡಚಣೆ ಬಂದದ್ದು ಮೂರನೆಯ ಕಾದಂಬರಿಯ ನಟ್ಟನಡುವೆ. ನಾಯಕ ನಾಯಕಿ ಲಿಫ್ಟಿನಲ್ಲಿ ಸಿಕ್ಕಿಬಿದ್ದರು. ಲಿಫ್ಟು ನಿಂತ ತಕ್ಷಣ ದೀಪ ಆರಿತು. ಗಾಳಿ ಕಡಿಮೆಯಾಯಿತಂತೆ, ಅವಳಿಗೆ ತಲೆ ಸುತ್ತಿತಂತೆ. ಲಿಫ್ಟು ಒಂದು ಸಲ ಜಗ್ಗಿತು, ಅವಳು ಅವನ ಎದೆಯ ಮೇಲೆ ಬಿದ್ದಳು. ಇಬ್ಬರ ತುಟಿ ಇನ್ನೇನು ಕೂಡಬೇಕು, ಲಿಫ್ಟು ತಾನಾಗಿಯೇ ಹೊರಟಿತು! ಲಿಫ್ಟಪ್ಪನ ಮೈ ಉರಿದುಹೋಯಿತು. ಗಾಳಿ ಎಲ್ಲಿಗೆ ಹೋಗುತ್ತದೆ, ಅಷ್ಟು ಕಿಂಡಿ ಇರುವಾಗ? ಬ್ಯಾಟರಿ ದೀಪ ಯಾಕಿದೆ? ನಿಂತ ಲಿಫ್ಟು ತಾನಾಗಿ ಹೊರಡುವುದಕ್ಕೆ ಅದೇನು ಎಮ್ಮೆಯೇ? ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ ಇಡೀ ಅಧ್ಯಾಯದಲ್ಲಿ ಮೆಕ್ಯಾನಿಕ್ಕಿನ ಸುಳಿವೇ ಇರಲಿಲ್ಲ. ಈ ಸಂಕಟವನ್ನು ಯಾರಿಗಾದರೂ ಹೇಳಿಕೊಳ್ಳಲೇಬೇಕಿತ್ತು. ಹೇಳಿಕೊಳ್ಳಬೇಕಾದವಳು ಒಬ್ಬಳೇ. ಹೇಳಿದರೆ ಕದ್ದು ಓದಿದ್ದು ಬಯಲಾಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡ.

ಬದಲಿಗೆ, ಕಲಿತ ವಿದ್ಯೆಯನ್ನು ಪ್ರಯೋಗಕ್ಕೆ ಇಳಿಸಿದ. ತೆರಿಗೆ ಅಧಿಕಾರಿ ಒಮ್ಮೆ ಏಪ್ರನ್ ಕಟ್ಟಿಕೊಂಡು ಬ್ರೆಡ್ಡು ಸುಟ್ಟು ನಾಯಕಿಯನ್ನು ನಗಿಸಿದ್ದ. ಲಿಫ್ಟಪ್ಪ ರಜೆಯ ಬೆಳಿಗ್ಗೆ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಬ್ರೆಡ್ಡನ್ನು ಸರಿಯಾಗಿ ಕಪ್ಪಗಾಗುವವರೆಗೆ ಸುಟ್ಟ. ಅವಳು ಬಂದಳು, ನೋಡಿದಳು, ಕಿಟಕಿ ತೆಗೆದಳು, ಬಾಣಲೆ ನೆನೆಹಾಕಿದಳು. ಅಷ್ಟೇ. ಇನ್ನೊಂದು ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ದನಿ ತಗ್ಗಿಸಿ, "ಈ ಬೆಳಕಲ್ಲಿ ನೀನು ಬೇರೆ ಥರಾನೇ ಕಾಣ್ತೀಯ ಕಣೇ" ಎಂದ.

ಅವಳು ಮೇಲೆ ನೋಡಿ, "ಟ್ಯೂಬ್‌ಲೈಟು ಹೋಗೋಕೆ ಬಂದಿದೆ. ಬದಲಾಯಿಸಿ" ಎಂದಳು.

ಲಿಫ್ಟಪ್ಪ ಸ್ಟೂಲು ತಂದು ಟ್ಯೂಬ್‌ಲೈಟು ಬದಲಾಯಿಸಿದ. ಅವತ್ತು ಸಂಜೆಯೂ ಕಿಟಕಿ ಪಕ್ಕದ ಕುರ್ಚಿಯಿಂದ ಆ ನಗು ಕೇಳಿಸಿತು. ಅವನಿಗೆ ನಿಜಕ್ಕೂ ದುಃಖವಾಯಿತು.

ಆ ಭಾನುವಾರ ಹೆಂಡತಿ ಒಂದು ಏಳಂತಸ್ತಿನ ಕಟ್ಟಡದ ಮೇಲಿನ ಮನೆಗೆ ಪರದೆ ಹಾಕಿ ಬರಬೇಕಿತ್ತು. ಪರದೆಯ ಸರಳು ಉದ್ದ, ಒಬ್ಬಳಿಗೆ ಹೊರಲಾಗದು, ಜೊತೆಗೆ ಬನ್ನಿ ಎಂದಳು. ಲಿಫ್ಟಪ್ಪ ಆವತ್ತು ಡ್ಯೂಟಿ ಮೇಲಿದ್ದರೂ ಅದು ಫೋನಿನ ಡ್ಯೂಟಿ, ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಕರೆ ಬರುವ ಕಂಪನಿ ಫೋನ್ ಜೇಬಿನಲ್ಲಿದ್ದರೆ ಸಾಕು. ಹೊರಟ. ಕಟ್ಟಡವೂ ಅವನ ಸುಪರ್ದಿಯದೇ. ಸರಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿ, ಬಟ್ಟೆಯ ಗಂಟನ್ನು ಕೆಳಗಿಟ್ಟು, ಇಬ್ಬರೂ ಲಿಫ್ಟು ಹತ್ತಿದರು. ಮೂರು ದಾಟಿತು. ನಾಲ್ಕು ಬರುವ ಮುಂಚೆ ಟಕ್ ಎಂದು ನಿಂತಿತು.

ದೀಪ ಆರಲಿಲ್ಲ, ಫ್ಯಾನು ನಿಲ್ಲಲಿಲ್ಲ. ಹೆಂಡತಿ ಅವನ ಎದೆಯ ಮೇಲೆ ಬೀಳಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತು, "ಇದೂ ನಿಮ್ದೇ ಕೆಲ್ಸಾನಾ?" ಎಂದಳು.

"ಏನ್ ಇದೂ?"

"ಬ್ರೆಡ್ಡಾಯ್ತು, ಟ್ಯೂಬ್‌ಲೈಟಾಯ್ತು. ಈಗ ಲಿಫ್ಟ್ ಅಧ್ಯಾಯ. ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ನನ್ನ ಪುಸ್ತಕದಲ್ಲಿ ಪುಟಪುಟಕ್ಕೂ ಗ್ರೀಸ್ ಹೆಬ್ಬೆಟ್ಟು!"

ಲಿಫ್ಟಪ್ಪನಿಗೆ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಆದರೆ ಅದಕ್ಕಿಂತ ಮೇಲೆದ್ದು ಬಂದದ್ದು ಕಸುಬಿನ ಮಾನ. "ಏಯ್, ಓದಿದ್ದು ನಿಜ. ಸುಟ್ಟಿದ್ದೂ ನಿಜ. ಆದ್ರೆ ಜನಾನ ಒಳಗಿಟ್ಕೊಂಡು ಲಿಫ್ಟ್ ನಿಲ್ಸೋ ಅಂಥ ಮೆಕ್ಯಾನಿಕ್ ಅಲ್ಲ ನಾನು! ನಾಲ್ಕನೇ ಅಂತಸ್ತಿನ ಬಾಗ್ಲು ಲಾಕು ಸಡಿಲ ಇರ್ಬೇಕು. ಬಾಗ್ಲು ಅಲುಗಾಡಿದ್ರೆ ಲಿಫ್ಟ್ ನಿಲ್ಲುತ್ತೆ. ನಿಲ್ಲಲೇಬೇಕು!" ಎಂದವನೇ, ಮಾತಿಗೆ ಸಾಕ್ಷಿ ಬೇಕೆಂಬಂತೆ ಗೋಡೆಯ ಮೇಲಿನ ಗಂಟೆಯ ಗುಂಡಿ ಒತ್ತಿಬಿಟ್ಟ.

ಅವನ ಜೇಬಿನಲ್ಲಿ ಫೋನು ರಿಂಗಾಯಿತು.

ಇಷ್ಟು ವರ್ಷಗಳ ಅಭ್ಯಾಸ, ಕೈ ತಾನಾಗಿ ಹೋಗಿ ಫೋನು ಕಿವಿಗಿಟ್ಟಿತು. ಬಾಯಿ ತಾನಾಗಿ ಹೇಳಿತು: "ಹಲೋ, ಗಾಬರಿ ಆಗ್ಬೇಡಿ. ಬಾಗಿಲು ತೆಗೆಯೋಕೆ ಹೋಗ್ಬೇಡಿ. ಒಳಗೆ ಎಷ್ಟು ಜನ ಇದ್ದೀರಾ?" ಅದೇ ಮಾತು, ಅದೇ ದನಿ, ಅರೆಗಳಿಗೆ ತಡವಾಗಿ ಲಿಫ್ಟಿನ ಸ್ಪೀಕರಿನಿಂದ ಇಬ್ಬರ ತಲೆಯ ಮೇಲೆ ಗುಡುಗಿತು.

ಹೆಂಡತಿ ಸ್ಪೀಕರಿನತ್ತ ಮುಖವೆತ್ತಿ ಬಹಳ ವಿನಯದಿಂದ, "ಇಬ್ರು ಇದ್ದೀವಿ ಸ್ವಾಮಿ. ಒಬ್ರು ಮೆಕ್ಯಾನಿಕ್ಕು, ಒಬ್ಳು ಅವರ ಹೆಂಡ್ತಿ" ಎಂದಳು.

"ಸರಿ ಅಮ್ಮಾ, ಈಗ್ಲೇ ಮೆಕ್ಯಾನಿಕ್ ಕಳಿಸ್ತೀವಿ" ಎಂದಿತು ಲಿಫ್ಟಪ್ಪನ ಬಾಯಿ.

ಮೂಗಿನಲ್ಲಿ ಪುಸಕ್. ಆಮೇಲೆ ಕಿಸಕ್. ಆಮೇಲೆ ಅವಳು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತು, ತೊಡೆ ತಟ್ಟಿಕೊಂಡು, ಪರದೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಉಸಿರು ತೆಗೆದುಕೊಂಡು "ಕಳಿಸ್ತೀವಿ ಅಂತೆ!" ಎಂದು ಮತ್ತೆ ನಕ್ಕಳು. ಲಿಫ್ಟಪ್ಪ ಫೋನು ಹಿಡಿದುಕೊಂಡು ಇಂಗು ತಿಂದ ಮಂಗನಂತೆ ನಿಂತಿದ್ದ. ಇಷ್ಟು ದಿನ ಹಂಬಲಿಸಿದ ನಗು ಎದುರಿಗೇ ಇದೆ, ಅದು ತನ್ನದೇ ಎಂದು ಅರಿವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರಿವಾದ ಮೇಲೆ ಅವನಿಗಾದ ಸಂತೋಷ ಇಷ್ಟಷ್ಟಲ್ಲ.

ಕೊನೆಗೆ ಅದೇ ಕಂಪನಿಯಲ್ಲಿದ್ದ ಭಾವಮೈದನಿಗೆ, ಎಂದರೆ ಅವಳ ತಮ್ಮನಿಗೆ, ಫೋನ್ ಮಾಡಿದ. ಅವನು ರಜೆಯ ಊಟಕ್ಕೆ ಕೂತಿದ್ದ. "ಒಳಗೆ ಯಾರು ಸಿಕ್ಕಾಕೊಂಡಿದ್ದಾರೆ ಭಾವ?" ಎಂದು ಕೇಳಿದ. "ನಿಮ್ಮಕ್ಕ" ಎಂದ ಲಿಫ್ಟಪ್ಪ. "ಅಯ್ಯೋ! ನೀವೆಲ್ಲಿದ್ದೀರಾ?" "ಒಳಗೇ ಕಣೋ." ಅತ್ತ ಕಡೆ ತುತ್ತು ನೆತ್ತಿಗೇರಿದ ಕೆಮ್ಮು. ಹೆಂಡತಿ ಫೋನು ಕಿತ್ತುಕೊಂಡು, "ನಿಧಾನವಾಗಿ ಊಟ ಮುಗ್ಸಿ ಬಾರೋ" ಎಂದಳು.

ಲಿಫ್ಟಪ್ಪ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕಟ್ಟಿಟ್ಟದ್ದೆಲ್ಲ ಹೊರಬಂತು: ಗಾಳಿ ಕಡಿಮೆಯಾಗುವ ಸುಳ್ಳು, ತಾನಾಗಿ ಹೊರಡುವ ಲಿಫ್ಟು. "ಅದು ಹೊರಡ್ಬೇಕಾದ್ರೆ ಒಬ್ಬ ಮನುಷ್ಯ ಏಳಂತಸ್ತು ಮೆಟ್ಲು ಹತ್ತಿ ಮೇಲೆ ಹೋಗಿ, ಕರೆಂಟ್ ತೆಗೆದು, ಬ್ರೇಕ್ ಸಡಿಲ ಮಾಡಿ, ಕೈಯಲ್ಲಿ ಚಕ್ರ ತಿರುಗಿಸ್ಬೇಕು ಕಣೇ! ಅವನಿಗೆ ಒಂದು ಸಾಲಿಲ್ಲ, ಒಂದೇ ಒಂದು ಸಾಲು! ಇವ್ರು ಮಾತ್ರ ಮುತ್ತಿಟ್ಕೋತಾರೆ!" ಹೆಂಡತಿ ಅವನ ಭುಜಕ್ಕೆ ಹಣೆ ಒತ್ತಿ ನಕ್ಕಳು.

"ಮತ್ತೆ ಬ್ರೆಡ್ಡು ಸುಟ್ಟಾಗ ಯಾಕೆ ನಗ್ಲಿಲ್ಲ ನೀನು?" ಎಂದ.

"ಆ ನಗು ಪುಸ್ತಕದಲ್ಲೇ ನಕ್ಕು ಮುಗಿಸಿದ್ದೆ. ಓದಿದೆ ಅಂತ ನೀವೇ ಬಾಯ್ಬಿಟ್ಟು ಹೇಳ್ತೀರೇನೋ ಅಂತ ಕಾಯ್ತಿದ್ದೆ." ಅವನತ್ತ ತಿರುಗಿ, "ಕದ್ದು ಯಾಕೆ ಓದಿದ್ರಿ?" ಎಂದು ಕೇಳಿದಳು.

"ನೀನು ಒಬ್ಳೇ ನಗ್ತೀಯಲ್ಲ. ಅಷ್ಟು ಜೋರಾಗಿ. ನಂಗೆ ಹೊಟ್ಟೆ ಉರೀತಿತ್ತು."

ಅವಳು ಪರದೆಯ ಬಟ್ಟೆಯ ಸುಕ್ಕು ತೀಡುತ್ತ ಕೂತಳು. ಆಮೇಲೆ, "ನಂಗೇನು ಮೆತ್ತಗೆ ನಗೋಕೆ ಬರಲ್ವಾ?" ಎಂದಳು. "ಅಂಗಡೀಲಿ ಓದೋವಾಗ ಒಂದು ಸದ್ದು ಬರಲ್ಲ, ಕೇಳಿ ನೋಡಿ ಯಾರನ್ನಾದ್ರೂ. ಮನೇಲಿ ಜೋರಾಗಿ ನಗ್ತಿದ್ದಿದ್ದು ನಿಮಗೆ ಕೇಳಿಸ್ಲಿ ಅಂತ. ಪಕ್ಕದ ರೂಮಿಂದ ಒಂದು ದಿನ ಆದ್ರೂ 'ಏನೇ ಅದು' ಅಂತೀರೇನೋ ಅಂತ. ನೀವು ಟಿವಿ ಜೋರು ಮಾಡ್ತಿದ್ರಿ."

ಲಿಫ್ಟಪ್ಪನಿಗೆ ತನ್ನದೇ ಕೂಗು ನೆನಪಾಯಿತು. ಒಂದು ಮಾತು ಕೇಳಿಬಿಡೋ ಎಂದು ಯಾರಿಗೋ ಬುದ್ಧಿ ಹೇಳಿದ್ದ, ಮೋಟಾರಿನ ಮುಂದೆ ಕೂತು. ಅವಳ ಕೈಚೀಲದ ಕಡೆ ನೋಡಿದ. ಅದರೊಳಗಿಂದ ಹಳದಿ ರಟ್ಟಿನ ಹೊಸ ಕಾದಂಬರಿಯೊಂದು ಇಣುಕುತ್ತಿತ್ತು.

"ಏನೇ ಅದು?" ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣೊರೆಸಿಕೊಂಡು ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಟ್ಟು ಮೊದಲ ಪುಟಕ್ಕೆ ಹೋಗಿ, ಜೋರಾಗಿ ಓದಲು ಶುರು ಮಾಡಿದಳು. ನಾಯಕಿ ಹಲ್ಲಿನ ಡಾಕ್ಟರು. ನಾಯಕನಿಗೆ ಸೂಜಿ ಕಂಡರೆ ಭಯ, ಬಾಯಿ ನೋಡಲು ಬಂದವಳ ಬೆರಳನ್ನೇ ಕಚ್ಚಿದ. ಮೊದಲು ನಕ್ಕದ್ದು ಲಿಫ್ಟಪ್ಪ. ಅವನು ನಕ್ಕ ರೀತಿಗೆ ಅವಳು ನಕ್ಕಳು. ಅವಳು ಓದುತ್ತಿದ್ದಂತೆ ಕಾಲಡಿಯಲ್ಲಿ ಲಿಫ್ಟು ಗೇಣುಗೇಣಾಗಿ ಮೇಲೇರುವುದು ಅವನಿಗೆ ಗೊತ್ತಾಯಿತು. ಮೇಲೆ ಭಾವಮೈದ ಚಕ್ರ ತಿರುಗಿಸುತ್ತಿದ್ದಾನೆ. ಈ ಕೆಲಸವನ್ನು ಅವನಿಗೆ ಇಷ್ಟು ಚುರುಕಾಗಿ ಕಲಿಸಬಾರದಿತ್ತು ಎಂದು ಲಿಫ್ಟಪ್ಪನಿಗೆ ಬೇಜಾರಾಯಿತು.

ನಾಲ್ಕನೇ ಅಂತಸ್ತಿನ ಬಾಗಿಲು ತೆರೆಯಿತು. ಮೆಟ್ಟಿಲಿಳಿದು ಬಂದ ಭಾವಮೈದ ಏದುಸಿರು ಬಿಡುತ್ತ ಒಳಗೆ ನೋಡಿದ. ಅಕ್ಕ ಬಟ್ಟೆಯ ಗಂಟಿನ ಮೇಲೆ, ಭಾವ ನೆಲದ ಮೇಲೆ, ಇಬ್ಬರ ನಡುವೆ ತೆರೆದ ಪುಸ್ತಕ. ಯಾರೂ ಏಳಲಿಲ್ಲ.

"ಅಕ್ಕಾ, ಬಾಗಿಲು ತೆಗೆದಿದ್ದೀನಿ. ಬನ್ನಿ."

"ಒಂದ್ನಿಮಿಷ ಇರೋ," ಎಂದಳು ಅವಳು, ಪುಟದಿಂದ ಕಣ್ಣೆತ್ತದೆ. "ನಿಮ್ಮ ಭಾವ ಕೇಳ್ತಾ ಇದ್ದಾರೆ."