ಹತ್ತು ಹೆಜ್ಜೆ ಹಿಂದೆ

ಎರಡೂ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ದಾರ ಬಿಗಿಯುತ್ತಿದ್ದ ಮಹತಿಯ ಕೈ, ಬಾಗಿಲ ಕಡೆಯಿಂದ ಬಂದ ಮಾತಿಗೆ ಅರ್ಧದಲ್ಲೇ ನಿಂತಿತು.

"ಎಡಗಾಲಿಗೆ ಸ್ವಲ್ಪ ಸಡಿಲ ಬಿಡಮ್ಮ. ಆ ಉಗುರು ಕಿತ್ತೋಗಿತ್ತು, ಇನ್ನೂ ಸರಿಯಾಗಿ ಬಂದಿಲ್ಲ."

ನಡುಮನೆಯಲ್ಲಿದ್ದ ಏಳೆಂಟು ಜನರೂ ತಿರುಗಿ ನೋಡಿದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದ ಆ ಮುದುಕ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ತೀರಿಹೋದ ಹೆಂಗಸಿನ ಕಾಲುಗುರಿನ ಸಮಾಚಾರ ಗುರುತಿಲ್ಲದ ಗಂಡಸಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಸಂಜಯನಗರದ ಆ ಪುಟ್ಟ ಮನೆಯಲ್ಲಿ ಒಂದು ಸುತ್ತು ಹಾಕಿ, ಕೊನೆಗೆ ಕೆಳಗಿನ ಮನೆಯ ದ್ರೌಪದಮ್ಮನ ಹುಬ್ಬು ಏರಿ ಕೂತಿತು.

ಬಾಯಿ ತಪ್ಪಿ ಆಡಿದೆನೆಂದು ಅನಂತರಾಜುವಿಗೆ ಹೊಳೆದದ್ದು ಆಮೇಲೆ. ನಿಜ ಹೇಳಬೇಕೆಂದರೆ, ಅವನಿಗೆ ರಾಧಾಮಣಿಯವರ ಮುಖಕ್ಕಿಂತ ಹಿಮ್ಮಡಿಯ ಪರಿಚಯವೇ ಹೆಚ್ಚು. ಹನ್ನೊಂದು ವರ್ಷ, ಪ್ರತಿ ಶಿವರಾತ್ರಿಗೆ ಮುಂಚಿನ ಒಂಬತ್ತು ದಿನ, ಬೆಂಗಳೂರಿನಿಂದ ಧರ್ಮಸ್ಥಳದವರೆಗೆ ಆ ಬರಿಗಾಲುಗಳ ಹತ್ತು ಹೆಜ್ಜೆ ಹಿಂದೆ ನಡೆದವನು ಅವನು.

ಯಶವಂತಪುರದಲ್ಲಿ ಗೂಡ್ಸ್ ರೈಲಿನ ಗಾರ್ಡಾಗಿದ್ದು ನಿವೃತ್ತನಾದ ವರ್ಷವೇ ಪಾದಯಾತ್ರೆ ತಂಡದ ಹಿರಿಯರಾದ ಕೃಷ್ಣಯ್ಯ ಅವನನ್ನು ಹುಡುಕಿಕೊಂಡು ಬಂದಿದ್ದರು. ತಂಡದಲ್ಲಿ ಅರವತ್ತು ಜನ. ಕೊನೆಯವರನ್ನು ಒಂಟಿಯಾಗಿ ಬಿಡಬಾರದೆಂಬುದು ಅಲ್ಲಿಯ ಕಟ್ಟಳೆ. ಎಲ್ಲರ ಹಿಂದೆ ಒಬ್ಬ ನಡೆಯಬೇಕು. ತಂಗುವ ಜಾಗಕ್ಕೆ ಕೊನೆಯವರು ಕಾಲಿಟ್ಟ ಮೇಲೆ ಒಂದು ಉದ್ದ ಸೀಟಿ ಊದಬೇಕು. ಅಲ್ಲಿಯವರೆಗೆ ಅಡುಗೆಯವರು ಎಲೆ ಹಾಕುವುದಿಲ್ಲ. ಆಯುಸ್ಸೆಲ್ಲ ರೈಲಿನ ಬಾಲದಲ್ಲಿ ಕಳೆದವನಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೇನಿದ್ದೀತು? ಮದುವೆಯಾಗದ ಒಂಟಿ ಜೀವ. ತಂಡದ ಬೇರೆಯವರಂತೆ ನೆನೆದು ನಡೆಯಲು ಅವನಿಗೆ ಯಾರೂ ಇರಲಿಲ್ಲ. ಸೀಟಿ ಜೇಬಿಗೆ ಹಾಕಿಕೊಂಡು ಹೊರಟಿದ್ದ. ಹನ್ನೊಂದು ವರ್ಷವೂ ಕೊನೆಯವರು ಒಬ್ಬರೇ, ರಾಧಾಮಣಿ.

ಇಷ್ಟನ್ನೂ ಅವನು ಸತ್ತವರ ಅಣ್ಣನ ಮಗ ಮಹೇಂದ್ರನಿಗೆ ತಡವರಿಸುತ್ತ ಹೇಳಿದ. ಮಹೇಂದ್ರ ಹೆಂಡತಿ ಮಹತಿಯ ಮುಖ ನೋಡಿದ.

"ಅತ್ತೆ ವರ್ಷಾ ವರ್ಷಾ ಧರ್ಮಸ್ಥಳಕ್ಕೆ ಹೋಗೋದು ಗೊತ್ತಿತ್ತು," ಅಂದ. "ಬಸ್ಸಲ್ಲಿ ಅಂದ್ಕೊಂಡಿದ್ವಿ."

ಒಂಬತ್ತು ದಿನ ಹಾಲು ಬೇಡವೆಂದು ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು, ಬಸ್ಸಿಗೆ ಒಂಬತ್ತು ದಿನ ಯಾಕೆಂದು ತಾನೂ ಕೇಳಲಿಲ್ಲವಲ್ಲ ಎಂದು ದ್ರೌಪದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ತಂಡದ ವಾಟ್ಸಾಪಿನಲ್ಲಿ ಕೃಷ್ಣಯ್ಯ ಬೆಳಗ್ಗೆಯೇ ಸುದ್ದಿ ಹಾಕಿದ್ದರು. ಒಂಬತ್ತು ಗಂಟೆಯ ಹೊತ್ತಿಗೆ ನಲವತ್ತು ಜೊತೆ ಮುಗಿದ ಕೈಗಳು ಬಂದು ಬಿದ್ದಿದ್ದವು. ಕಾಲು ಬಂದದ್ದು ಅನಂತರಾಜುವಿನದು ಮಾತ್ರ.

ಅವನು ಬಂದದ್ದು ಮುಖ ನೋಡಿ ಹೋಗುವುದಕ್ಕಲ್ಲ. ಒಂದು ಮಾತು ಕೊಟ್ಟಿದ್ದ. ಮಹೇಂದ್ರನನ್ನು ಪಕ್ಕಕ್ಕೆ ಕರೆದು, ಎಷ್ಟು ಹೊತ್ತಿಗೆ ಹೊರಡುವುದು, ಹೆಗಲ ಮೇಲೆ ತಾನೇ ಎಂದು ಕೇಳಿದ.

"ಇಲ್ಲ ಅಂಕಲ್, ವ್ಯಾನ್ ಹೇಳಿದೀನಿ. ಹೆಬ್ಬಾಳದ ಚಿತಾಗಾರದಲ್ಲಿ ಹನ್ನೆರಡೂವರೆಗೆ ಟೈಮ್ ಕೊಟ್ಟಿದಾರೆ. ನೀವು ನಮ್ ಕಾರಲ್ಲೇ ಬನ್ನಿ."

"ನಾನು ಹಿಂದೆ ನಡ್ಕೊಂಡ್ ಬರ್ತೀನಪ್ಪ."

ಹುಡುಗ ಕೆಟ್ಟವನಲ್ಲ. ಮೂರು ಕಿಲೋಮೀಟರ್ ದೂರ, ಈ ಬಿಸಿಲು, ಈ ವಯಸ್ಸು ಎಂದೆಲ್ಲ ಹೇಳಿ ನೋಡಿದ. ಅಷ್ಟರಲ್ಲಿ ಫೋನು ಬಂತು.

*

ಎರಡು ವರ್ಷದ ಹಿಂದೆ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಕಲ್ಲು ಎಡವಿ ಆ ಉಗುರು ಕಿತ್ತುಬಂದಿತ್ತು. ಮೋರಿಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಅನಂತರಾಜು ತನ್ನ ಟವೆಲಿನ ಅಂಚು ಹರಿದು ಕಟ್ಟಿದ್ದ. ಕಟ್ಟುತ್ತ, ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ. ನಿಮ್ಮ ಕಾಲಲ್ಲಿ ಶಕ್ತಿ ಇದೆ; ಆದರೂ ಸಪಾಟು ರಸ್ತೆಯಲ್ಲಿ ಎಮ್ಮೆಗಳೂ ನಿಮ್ಮನ್ನು ದಾಟಿ ಹೋಗುತ್ತವೆ, ಯಾಕೆ?

ರಾಧಾಮಣಿ ನಕ್ಕರು.

"ಇದು ನನ್ನ ನಡಿಗೆ ಅಲ್ಲ ರಾಜಣ್ಣ, ನಮ್ ಯಜಮಾನ್ರದು. ಅವರಿಗೆ ಪೋಲಿಯೋ ಆಗಿ ಒಂದು ಕಾಲು ಸಣ್ಣದಿತ್ತು. ನಾನು ಪೋಸ್ಟಾಫೀಸಿನ ಕೌಂಟರ್ ತೆಗೀಬೇಕು ಅಂತ ಬೆಳಗ್ಗೆ ಬಸ್‌ಸ್ಟಾಪಿಗೆ ಓಡ್ತಿದ್ದೆ. ಅವರು ಹಿಂದೆ. ಇಪ್ಪತ್ತಾರು ವರ್ಷ ಒಂದೇ ಸ್ಟಾಪಿಗೆ ಹೋದ್ವಿ, ಒಂದ್ ದಿನ ಜೊತೇಲಿ ನಡೀಲಿಲ್ಲ."

ಧರ್ಮಸ್ಥಳಕ್ಕೆ ನಡೆದು ಹೋಗಬೇಕೆಂದು ಆತನಿಗೆ ಆಸೆಯಿತ್ತಂತೆ. ನೀವು ಹೋಗಿ ಸೇರುವಷ್ಟರಲ್ಲಿ ಮುಂದಿನ ಶಿವರಾತ್ರಿ ಬಂದಿರುತ್ತದೆ ಎಂದು ಈಕೆ ತಮಾಷೆ ಮಾಡಿದ್ದರು. ಆತನೂ ನಕ್ಕಿದ್ದ. ಆದರೆ ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಆತ ಹೋದ ಮೇಲೆ ಈಕೆ ಮನೆಯಿಂದ ಬಸ್‌ಸ್ಟಾಪಿನವರೆಗೆ ಆತನಷ್ಟೇ ನಿಧಾನ ನಡೆಯುವುದನ್ನು ಕಲಿತರು. ತನ್ನ ಎಂಟು ನಿಮಿಷದ ದಾರಿ ಆತನಿಗೆ ಇಪ್ಪತ್ತು ನಿಮಿಷದ್ದೆಂದು ಆಗ ಗೊತ್ತಾಯಿತು.

ಕಟ್ಟಿದ ಕಾಲನ್ನು ಊರಿ ಎದ್ದು ನಿಂತಾಗ ಅವರು ಇನ್ನೊಂದು ಮಾತು ಹೇಳಿದ್ದರು.

"ಅಷ್ಟು ವರ್ಷ ಅವರು ಹಿಂದೆ ಇದ್ರು, ನಾನು ತಿರುಗಿ ನೋಡ್ಲಿಲ್ಲ. ಹಿಂದೆ ಒಬ್ಬರು ಬರ್ತಿದಾರೆ ಅನ್ನೋದು ಎಷ್ಟು ದೊಡ್ಡದು ಅಂತ ನಿಮ್ಮಿಂದ ತಿಳೀತು. ನಾನು ಹೋದಾಗ್ಲೂ ನೀವು ನಡ್ಕೊಂಡು ಹಿಂದೆ ಬನ್ನಿ ರಾಜಣ್ಣ. ಮುಂದೆ ಹೋಗೋಕೆ ಯಾರಾದ್ರೂ ಸಿಗ್ತಾರೆ."

ಅವನು ಆಯ್ತಮ್ಮ ಅಂದಿದ್ದ.

*

ವ್ಯಾನು ಹೊರಟಿತು, ಅದರ ಹಿಂದೆ ಎರಡು ಕಾರುಗಳು. ಅನಂತರಾಜು ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೆಜ್ಜೆ ಹಾಕಿದ. ಬೀದಿಯ ತಿರುವಿನಲ್ಲಿ ವ್ಯಾನಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು, ಅಷ್ಟೇ.

ಗೆದ್ದಲಹಳ್ಳಿ ದಾಟುವಾಗ ಡಾಂಬರು ಅಂಗಾಲನ್ನು ಸುಡುತ್ತಿತ್ತು. ಅದರ ಅಭ್ಯಾಸವಿತ್ತು. ಅಭ್ಯಾಸವಿಲ್ಲದ್ದು ಮುಂದಿನ ಖಾಲಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಮುಂದೆ ಯಾರೂ ನಡೆಯುತ್ತಿರಲಿಲ್ಲ. ಜೀವಮಾನವಿಡೀ ಒಬ್ಬನೇ ಇದ್ದವನಿಗೆ, ಒಬ್ಬನೇ ಇದ್ದೇನೆಂದು ಇಂದಿನವರೆಗೆ ಅನ್ನಿಸಿರಲಿಲ್ಲ. ಬೇಕರಿಯೊಂದರ ಮುಂದೆ ನಿಂತು, ನಾಚಿಕೆಯಿಲ್ಲದೆ ಅತ್ತ. ಇಷ್ಟು ಕಾಲ ಪರರ ನೆನಪುಗಳ ಹಿಂದೆ ನಡೆದವನಿಗೆ ಈಗ ತನ್ನದೇ ಒಂದು ಸಿಕ್ಕಿತ್ತು. ಕೊಟ್ಟ ಮಾತು ಮಾತ್ರ ವ್ಯಾನಿನ ಜೊತೆ ಹೋಗಿಬಿಟ್ಟಿತ್ತು.

ಹೆಬ್ಬಾಳದ ಫ್ಲೈಓವರ್ ಈ ಊರಿನವರಿಂದ ತಿಂದಷ್ಟು ಬೈಗುಳವನ್ನು ಇನ್ನಾವ ಕಟ್ಟಡವೂ ತಿಂದಿರಲಾರದು. ಆ ಮಧ್ಯಾಹ್ನ ಒಬ್ಬ ಅದಕ್ಕೆ ಕೈ ಮುಗಿದ. ಬಳ್ಳಾರಿ ರಸ್ತೆಗೆ ಬಂದು ತಲೆ ಎತ್ತಿದರೆ, ಬಸ್ಸು, ಕ್ಯಾಬು, ಆಟೋಗಳ ನಡುವೆ ಚೆಂಡುಹೂವಿನ ಮಾಲೆ ಹೊತ್ತ ಆ ವ್ಯಾನು ಸಿಕ್ಕಿಕೊಂಡು ನಿಂತಿತ್ತು.

ಸಂದಿಗೊಂದಿಗಳಲ್ಲಿ ನುಸುಳಿ ಅದನ್ನು ಹಿಡಿದ. ಹತ್ತು ಹೆಜ್ಜೆ ಅಂತರ ಬಿಟ್ಟು ತನ್ನ ಜಾಗದಲ್ಲಿ ನಿಂತ. ವ್ಯಾನು ತುಸು ಸರಿಯಿತು, ತಡೆಯಿತು, ಮತ್ತೆ ತುಸು ಸರಿಯಿತು. ಅವನೂ ಸರಿದ. ಹಿಂದಿನಿಂದ ಬೈಕಿನವರು ಹಾರ್ನ್ ಬಡಿದರು, ಬೈದರು. ಪಕ್ಕದ ಕಾರಿನ ಗಾಜು ಇಳಿಯಿತು. ಮಹೇಂದ್ರ.

"ಅಂಕಲ್," ಅಂದ. "ಅತ್ತೆ ಇಷ್ಟು ನಿಧಾನ ನಡೀತಿದ್ರಾ?"

"ಇನ್ನೂ ಸ್ವಲ್ಪ ನಿಧಾನ."

ಮಹೇಂದ್ರ ಸ್ವಲ್ಪ ಹೊತ್ತು ಅವನ ಪಾದಗಳನ್ನೇ ನೋಡಿದ. ಆಮೇಲೆ ಫೋನು ತೆಗೆದು ಯಾರಿಗೋ ಏನೋ ಹೇಳಿದ. ದಟ್ಟಣೆ ಸಡಿಲಿತು, ವಾಹನಗಳೆಲ್ಲ ನುಗ್ಗಿದವು. ವ್ಯಾನು ಮಾತ್ರ ಎಡಬದಿ ಹಿಡಿದು ತೆವಳುತ್ತಲೇ ಹೋಯಿತು. ಹನ್ನೆರಡೂವರೆ ದಾಟಿತ್ತು.

ಚಿತಾಗಾರದ ಅಡ್ಡರಸ್ತೆಯಲ್ಲಿ ಜನರಿರಲಿಲ್ಲ. ವ್ಯಾನು ಒಳಗೆ ಹೋಯಿತು, ಕಾರುಗಳೂ ಹೋದವು. ಅನಂತರಾಜು ಗೇಟಿನ ಬಳಿ ನಿಂತು ರೂಢಿಯಂತೆ ಒಮ್ಮೆ ಹಿಂದೆ ನೋಡಿದ. ಬರುವವರು ಯಾರೂ ಇರಲಿಲ್ಲ. ಜೇಬಿನಿಂದ ಸೀಟಿ ತೆಗೆದು ಉದ್ದಕ್ಕೆ ಊದಿದ.

ಸೀಟಿ ಕೇಳಿ ಇನ್ನೊಂದು ವ್ಯಾನು ಬಂತೆಂದುಕೊಂಡ ಕಾವಲುಗಾರ, ಆಗಷ್ಟೇ ಮುಚ್ಚಿದ್ದ ಗೇಟಿನ ಎರಡೂ ಬಾಗಿಲು ಅಗಲಕ್ಕೆ ತೆರೆದು ನೋಡಿದ. ಬರಿಗಾಲಿನ ಒಬ್ಬ ಮುದುಕ, ಅವನ ಹಿಂದೆ ಖಾಲಿ ರಸ್ತೆ.