ಗಾರ್ನೆಟ್‌ಗೆ ನಾನು ಇಳಿಸದ ಅಂಕ

ಕೆನಡಾದ ಸಾಸ್ಕಾಚೆವಾನಿನ ಸೆರೆಮನೆಯೊಂದರಲ್ಲಿ ಲೈಂಗಿಕ ಅಪರಾಧಿಗಳ ಚಿಕಿತ್ಸಾ ಗುಂಪನ್ನು ಹನ್ನೊಂದು ವರ್ಷ ನಡೆಸಿದವಳು ನಾನು. ಚಿಕಿತ್ಸೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಪ್ರತಿಯೊಬ್ಬನಿಗೂ ಅಂಕ ಹಾಕಬೇಕು. ಅಂಕ ಇಳಿದರೆ ಅವನಿಂದಾಗುವ ಅಪಾಯವೂ ಇಳಿದಿದೆ ಎಂದರ್ಥ.

ಗಾರ್ನೆಟ್ ಲೊಜಿನ್‌ಸ್ಕಿ ಮೊದಲು ಹಾಕಿ ಆಟದ ತರಬೇತುದಾರನಾಗಿದ್ದ. ತಂಡದ ಬಾಲಕಿಯೊಬ್ಬಳ ಮೇಲೆ ದೌರ್ಜನ್ಯ ಎಸಗಿ ಒಳಗೆ ಬಂದಿದ್ದ. ಎಂಟು ತಿಂಗಳಲ್ಲಿ ಒಂದು ದಿನವೂ ಗುಂಪು ತಪ್ಪಿಸಲಿಲ್ಲ. ಅಳಬೇಕಾದಲ್ಲಿ ಅತ್ತ. "ಮಕ್ಕಳಿರೋ ಮನೆ ಹತ್ರಾನೂ ಸುಳಿಯಲ್ಲ, ವಾಂಡಾ," ಎಂದು ಎಲ್ಲರೆದುರು ನನಗೆ ಹೇಳಿದ.

ಕೊನೆಯ ವಾರ, ಬಿಡುಗಡೆಯಾದರೆ ಎಲ್ಲಿರುತ್ತಾನೆಂಬ ಅರ್ಜಿ ನನ್ನ ಮೇಜಿಗೆ ಬಂತು. ತಮ್ಮನ ಮನೆಯ ವಿಳಾಸ. ಆ ಮನೆಯಲ್ಲಿ ಒಂಬತ್ತು, ಹನ್ನೊಂದು ವರ್ಷದ ಇಬ್ಬರು ಹೆಣ್ಣುಮಕ್ಕಳು. ಕರೆಸಿ ಕೇಳಿದೆ.

"ಅವು ನಮ್ಮನೆ ಮಕ್ಳು. ಅದು ಬೇರೆ ವಿಷ್ಯ," ಎಂದು ನಕ್ಕ.

ನಾನು ಅಂಕ ಇಳಿಸಲಿಲ್ಲ. ಮೇಲಧಿಕಾರಿ ಕಾಲಿನ್ ಕಾಗದ ಹಿಡಿದು ಬಂದ.

"ಇಡೀ ಗುಂಪಿಗೇ ಅವ್ನು ಜಾಣ. ಅವ್ನಿಗೇ ಇಳೀದಿದ್ರೆ ಇನ್ಯಾರಿಗೆ ಇಳಿಯತ್ತೆ? ಮೇಲಿನವ್ರಿಗೆ ನಾನೇನು ಹೇಳ್ಲಿ?"

"ಅವ್ನು ಕಲ್ತಿರೋದು ನಮ್ಮ ಮಾತನ್ನ ಅಷ್ಟೆ, ಕಾಲಿನ್."

"ಸ್ವಲ್ಪ ಹೊಂದ್ಕೊಂಡು ಹೋಗು ಮಾರಾಯ್ತಿ."

"ತಗೋ ಪೆನ್ನು, ನೀನೇ ಇಳ್ಸು. ಕೆಳಗೆ ಸಹಿ ಮಾತ್ರ ನಿಂದೇ ಇರ್ಲಿ."

ಅವನು ಪೆನ್ನು ಮುಟ್ಟಲಿಲ್ಲ. ಮರುವಾರ ಗುಂಪನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಕಡತಗಳ ಕೋಣೆಗೆ ಹಾಕಿದ.

ಆದರೆ ಅಂಕ ಹಾಕಿದವಳು ನಾನಾದ್ದರಿಂದ, ಅವಧಿಗೆ ಮೊದಲೇ ಬಿಡಬೇಕೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿ ನನ್ನನ್ನೇ ಕರೆಸಿತು. ಇಸ್ತ್ರಿ ಅಂಗಿ ತೊಟ್ಟ ಗಾರ್ನೆಟ್ ಎದುರಿಗೇ ಕೂತಿದ್ದ. "ಎಲ್ಲಾ ಪಾಠ ಮುಗಿಸಿದ್ದಾನಲ್ಲ, ಇನ್ನೇನು ಬೇಕು ನಿಮಗೆ?" ಎಂದರು ಒಬ್ಬ ಸದಸ್ಯರು.

"ಅವ್ನು ಹೋಗೋ ಮನೇಲಿರೋ ಹುಡುಗೀರ ವಯಸ್ಸು ಕೇಳಿ," ಎಂದೆ.

ಗಾರ್ನೆಟ್ ಮೇಜು ಗುದ್ದಿ ಎದ್ದ. "ನನ್ನ ಬಾಳು ಹಾಳು ಮಾಡೋಕೇ ಹುಟ್ಟಿದೀಯ ನೀನು!" ಈ ಸಲ ಕಣ್ಣಲ್ಲಿ ನೀರಿರಲಿಲ್ಲ. ಪೆರೋಲ್ ಸಿಗಲಿಲ್ಲ.

ಆಮೇಲೆ ಅವನ ತಮ್ಮ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಪೂರ್ತಿ ಕೇಳಿಸಿಕೊಂಡೆ. "ಮಕ್ಳು ಹೇಗಿದಾರೆ?" ಎಂದೆ. ಫೋನ್ ಇಟ್ಟ.

ಗುಂಪನ್ನು ಮರಳಿ ಕೊಡಿ ಎಂದು ಎರಡು ಅರ್ಜಿ ಹಾಕಿದೆ. ಎರಡನ್ನೂ ಕಾಲಿನ್ ತಳ್ಳಿಹಾಕಿದ. ನಿನ್ನೆ ಮೂರನೆಯದನ್ನು ಅವನ ಕೈಗೇ ಕೊಟ್ಟು ಬಂದೆ.